ಗೂಡಿನಲ್ಲಿ ಉಳಿದ ಹುಂಜ

ಸೆವ್ರಿನ್ ಬಾಯಿಗೆ ಒಬ್ಬನೇ ಮಗ, ಲಿಗೋರಿ. ಅವನಿಗೆ ಮೀಸೆ ಬಂದಿತ್ತು. ಬುದ್ಧಿ ಮಾತ್ರ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತಾಯಿಯ ಸಂಕಟ.

ಮಗಳು ಅಪೊಲಿನ್ ಬಾಣಂತನಕ್ಕೆ ಬಂದಿದ್ದಳು. ಅವಳಿಗೆ ದಿನಕ್ಕೆರಡು ನಾಟಿ ಮೊಟ್ಟೆ ಬೇಕು; ಹಿತ್ತಿಲ ಎಂಟು ಹೇಂಟೆಗಳು ಒಂದನ್ನೂ ಇಡುತ್ತಿರಲಿಲ್ಲ. ಹೊಸದಾಗಿ ಜುಟ್ಟು ಕೆಂಪೇರಿದ ಆರು ಹುಂಜಗಳು ಹಗಲೆಲ್ಲ ಅಟ್ಟಾಡಿಸಿ ಅವುಗಳ ಬೆನ್ನಿನ ಗರಿಯನ್ನೇ ಕಿತ್ತಿದ್ದವು.

ಹುಂಜಗಳನ್ನು ಬೇರೆ ಇಡು ಎಂದಳು ತಾಯಿ. ಲಿಗೋರಿ ಬೇರೆ ಬೇರೆ ಇಟ್ಟ: ಒಂದನ್ನು ಅಕ್ಕಿ ಡಬ್ಬದಲ್ಲಿ, ಒಂದನ್ನು ಬಚ್ಚಲ ಹಂಡೆಯಲ್ಲಿ, ಒಂದನ್ನು ತಾಯಿ ಇಗರ್ಜಿಗೆ ಉಡುವ ಸೀರೆಗಳ ಪೆಟ್ಟಿಗೆಯಲ್ಲಿ. ನಾಲ್ಕನೆಯದನ್ನು ಮಗುವಿನ ತೊಟ್ಟಿಲಿಗೆ ತಂದಾಗ ಅಪೊಲಿನ್ ಚೀರಿದಳು.

ಎಲ್ಲವನ್ನೂ ಒಂದೇ ಕಡೆ ಹಾಕಬೇಕೆಂಬಷ್ಟೂ ತಿಳಿಯದೇ ಎಂದು ತಾಯಿ ಬೈದಳು. ಮರುದಿನ ಅವನು ಎಲ್ಲವನ್ನೂ, ಹೇಂಟೆಗಳ ಸಮೇತ, ಒಂದೇ ಕುಕ್ಕೆಯಡಿ ಕವುಚಿ ಮೇಲೆ ಕೂತ. ಕುಕ್ಕೆ ಅವನನ್ನು ಹೊತ್ತುಕೊಂಡೇ ಅಂಗಳ ದಾಟಿತು. ಒಳಗೆ ಹುಂಜಗಳ ಮಹಾಯುದ್ಧ. ತಾಯಿ ಮತ್ತೆ ಕಲಿಸಿದಳು:

"ಜಗಳಕ್ಕೆ ನಿಂತವನನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡು ಅಂಗಳ ಸುತ್ತಬೇಕು ಮಾರಾಯ, ಸೊಕ್ಕು ಇಳಿಯುವ ತನಕ. ನನ್ನ ಅಪ್ಪ ಹಾಗೇ ಮಾಡುತ್ತಿದ್ದರು."

ಸರಿ ಎಂದ ಲಿಗೋರಿ. ಅಂದೇ ಸಂಜೆ ನೆರೆಮನೆಯ ಸಾಂತು ಮಾಮ ಜಗಳಕ್ಕೆ ಬಂದ. ಕೋಳಿಗಳು ಅವನ ಹರಿವೆ ಸೊಪ್ಪಿನ ಸಾಲನ್ನು ಕೆದಕಿದ್ದವು. ಸಾಂತು ಮಾಮ ಕಡ್ಡಿಯಂಥ ಮನುಷ್ಯ. ಕಂಕುಳಲ್ಲಿ ಸುಲಭವಾಗಿ ಹಿಡಿಸಿದ. ಮೂರನೇ ಸುತ್ತಿಗೆ ನಿಜಕ್ಕೂ ತಣ್ಣಗಾದ.

ತಾಯಿ ಕೈಮುಗಿದು ಅವನನ್ನು ಮನೆಗೆ ಕಳಿಸಿದಳು. ಮರುದಿನ ಇಗರ್ಜಿಗೆ ಹೊರಡುವಾಗ ಮಗನನ್ನು ಎದುರಿಗೆ ನಿಲ್ಲಿಸಿ, ಪಾಠ ಹೇಳಿಕೊಡುವ ಹಾಗೆ ಹೇಳಿದಳು:

"ಕಾಳು ಚೆಲ್ಲು. ತಾನು ಮುಗಿಬೀಳದೆ, ಮಿಕ್ಕವರು ತಿನ್ನಲಿ ಎಂದು ನಿಲ್ಲುತ್ತಾನಲ್ಲ, ಅವನೇ ಒಳ್ಳೆಯ ಹುಂಜ. ಅವನೊಬ್ಬನನ್ನು ಗೂಡಿಗೆ ಹಾಕು. ಉಳಿದದ್ದೆಲ್ಲ ಸಾಂತು ಮಾಮನಿಗೆ ಕೊಡು, ಹರಿವೆಯ ಲೆಕ್ಕಕ್ಕೆ."

ಎರಡು ಸಲ ಹೇಳಿಸಿದಳು. ಅವನು ಎರಡು ಸಲವೂ ತಪ್ಪಿಲ್ಲದೆ ಹೇಳಿದ.

ಹಿಂದಿರುಗಿ ಬಂದಾಗ ಹಿತ್ತಿಲು ನಿಶ್ಶಬ್ದ. ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಲಿಗೋರಿ ಗೂಡಿನೊಳಗೆ ಕೂತಿದ್ದ. ಬಾಗಿಲಿಗೆ ಒಳಗಿನಿಂದ ಹಗ್ಗ ಬಿಗಿದಿದ್ದ.

"ಕೋಳಿಗಳೆಲ್ಲಿ?"

"ಎಲ್ಲವೂ ಕಾಳಿಗೆ ಮುಗಿಬಿದ್ದವು ಅಮ್ಮ. ಎಲ್ಲವನ್ನೂ ಸಾಂತು ಮಾಮನಿಗೆ ಕೊಟ್ಟೆ. ತಿನ್ನದೆ ನಿಂತವನು ನಾನೊಬ್ಬನೇ."

ಹೇಂಟೆಗಳನ್ನೂ ಕೊಟ್ಟೆಯಾ, ಇನ್ನು ಬಾಣಂತಿಗೆ ಮೊಟ್ಟೆ ಯಾರು ಇಡುತ್ತಾರೆ ಎಂದು ತಾಯಿ ಹಣೆ ಚಚ್ಚಿಕೊಂಡಳು.

ಲಿಗೋರಿ ಗೂಡಿನ ಸಂದಿಯಿಂದ ಮೂತಿ ಹೊರಗೆ ಹಾಕಿದ.

"ಅದನ್ನು ನನ್ನ ಹತ್ತಿರ ಕೇಳಬಾರದು ಅಮ್ಮ," ಎಂದ. "ನಾನು ಹುಂಜ."