ಸವರುಗುಡ್ಡ

ನಮ್ಮೂರ ಪಡುವಣಕ್ಕೆ ನಿಂತಿರುವ ಸವರುಗುಡ್ಡಕ್ಕೆ ಶಿಖರವಿಲ್ಲ. ಬದಿಗಳು ಕಡಿದಾಗಿ ಏರುತ್ತವೆ. ನೆತ್ತಿ ಇರಬೇಕಾದ ಕಡೆ ಮಾತ್ರ ಕಣದಂತೆ ಸಪಾಟು. ಗಾಳಿ ಮಳೆ ಸವೆಸಿದ್ದು ಎಂದು ಓದಿದವರು ಹೇಳುತ್ತಾರೆ, ಇರಬಹುದು. ಊರವರು ಹೇಳುವುದು ಬೇರೆ.

ಹಿಂದೆ ಒಮ್ಮೆ ಮಿಡತೆಯ ದಂಡು ಬಂದು ತೆನೆಗಟ್ಟಿದ ಜೋಳವನ್ನೆಲ್ಲ ತಿಂದುಹೋಯಿತಂತೆ. ಉಳಿದದ್ದು ಗುಡ್ಡದ ಬುಡದ ಹಗೇವು, ನೆಲದೊಳಗೆ ಊರೆಲ್ಲ ಸೇರಿ ಕಾಳು ತುಂಬಿಟ್ಟ ಗುಂಡಿ, ಅದೊಂದೇ. ಅದರ ಹೊಣೆ ಬರಮಲಿಂಗಪ್ಪನದು. ಅವನು ಕಳ್ಳನಲ್ಲ, ತನ್ನ ಮನೆಗೂ ಒಂದು ಕಾಳು ಹೆಚ್ಚು ಒಯ್ದವನಲ್ಲ ಎನ್ನುತ್ತಾರೆ. ಮನೆಗೊಂದು ಕೊಳಗ ಅಳೆಯುವುದು ವಾಡಿಕೆ. ಮೊಲೆಯುಣಿಸುವ ತಾಯಿಗೆ ಮಾತ್ರ ಕೊಳಗದ ಬಾಯಿ ಮೀರಿ, ಗೋಪುರ ನಿಲ್ಲುವಂತೆ ಸುರಿಯಬೇಕು. ಆ ತಲೆಗೆ ‘ಕೂಸಿನ ಪಾಲು’ ಎಂದು ಹೆಸರು. ಆ ವರ್ಷ ಬರಮಲಿಂಗಪ್ಪ ಕೋಲು ಹಿಡಿದು ಎಲ್ಲರ ಕೊಳಗವನ್ನೂ ಬಾಯಿಮಟ್ಟಕ್ಕೆ ಸವರಿದ.

ಹಸುಗೂಸನ್ನು ಎತ್ತಿಕೊಂಡು ಬಂದ ದುಂಡವ್ವ ಸೆರಗೊಡ್ಡಿ, “ಯಪ್ಪಾ, ಸವರಬ್ಯಾಡ. ಅದು ನನ್ನ ಪಾಲಲ್ಲ, ಇದರದು. ಎದ್ಯಾಗ ಹಾಲಿಲ್ಲ,” ಎಂದಳು. “ನಿನಗ ತಲಿ ಬಿಟ್ಟರ ಕಡೀಕ ನಿಂತವರಿಗೆ ಮಣ್ಣು ಅಳೀಲೇನು ಯವ್ವಾ? ಕೊಳಗ ಅಂದ್ರ ಕೊಳಗ,” ಎಂದು ಅವನು ಕೋಲೆಳೆದ. ಹಿಂದೆ ನಿಂತಿದ್ದ ಮುದುಕನೊಬ್ಬ ತಡೆಯಲಾರದೆ, “ಹಂಗಾದ್ರ ಆ ಗುಡ್ಡಕ್ಕೂ ಕೋಲ್ ಹಚ್ಚೋ ಮಾರಾಯಾ, ಅದರ ತಲೀನೂ ಹೆಚ್ಚಾಗೇತಿ!” ಎಂದ. ನೆರೆದವರು ನಕ್ಕರು. ದುಂಡವ್ವ ನಗಲಿಲ್ಲ.

ಹೊಸ ಜೋಳ ಹಾಲುಗಟ್ಟುವ ಮೊದಲೇ ಕೂಸು ತೀರಿತು. ಸುಗ್ಗಿಯ ಕಾಳು ತುಂಬಲು ಹಗೇವು ತೆರೆದಾಗ ತಳದಲ್ಲಿ ಹಳೆಯ ಜೋಳ ಇನ್ನೂ ಉಳಿದಿತ್ತು. ಮುಗ್ಗಿ, ಯಾರೂ ತಿನ್ನದಂತಾಗಿತ್ತು. ದುಂಡವ್ವ ಬಂದು ಬಗ್ಗಿ ನೋಡಿದಳು. “ಯಾರಿಗಂತ ಉಳಿಸಿದಿ, ಯಪ್ಪಾ?” ಎಂದಷ್ಟೇ ಕೇಳಿದಳಂತೆ. ಬರಮಲಿಂಗಪ್ಪನ ಕೈಯ ಕೋಲು ಜಾರಿ ನೆಲಕ್ಕೆ ಬಿತ್ತು. ಅದೇ ಗಳಿಗೆ ಮೋಡವಿಲ್ಲದ ಬಾನು ಗುಡುಗಿತು. ಗುಡ್ಡದ ಶಿಖರ ಸವರಿದಂತೆ ಸರಿದು ಕೆಳಗುರುಳಿತು. ಯಾರಿಗೂ ಪೆಟ್ಟಾಗಲಿಲ್ಲ. ಬಂಡೆಗಳೆಲ್ಲ ಬುಡದಲ್ಲಿ ಕೂಸನ್ನು ಹೂಳಿದ್ದ ಜಾಗಕ್ಕೆ ಬಂದು, ಕಾಳಿನ ರಾಶಿಯಂತೆ ಚೂಪಾಗಿ ನಿಂತವು ಎನ್ನುತ್ತಾರೆ.

ಬರಮಲಿಂಗಪ್ಪ ಅಳತೆಯಲ್ಲಿ ತಪ್ಪಿದವನಲ್ಲ. ಊರು ಅವನನ್ನು ಶಪಿಸುವುದಿಲ್ಲ. ಮಕ್ಕಳಿಗೆ ಅವನ ಹೆಸರಿಡುವುದೂ ಇಲ್ಲ. ಇಂದಿಗೂ ಇಲ್ಲಿನ ಹೆಂಗಸರು ಕಾಳು ಅಳೆಯುವಾಗ ಸೇರಿನ ಮೇಲೆ ಕೈಯಾಡಿಸುವುದಿಲ್ಲ, ತಾನಾಗಿ ಚೆಲ್ಲುವವರೆಗೆ ಸುರಿಯುತ್ತಾರೆ. ಬಂದವರು ಬರಿನೆತ್ತಿಯ ಗುಡ್ಡವನ್ನು ನೋಡಿ ಇದರ ತಲೆ ಎಲ್ಲಿ ಹೋಯಿತೆಂದು ಕೇಳಿದರೆ, ಬುಡದ ಕಲ್ಲುರಾಶಿಯತ್ತ ಕೈತೋರಿಸಿ, “ಅಕಾ, ಕೂಸಿನ ಪಾಲು,” ಎನ್ನುತ್ತಾರೆ.