ಒಂದನೇ ಪುಟ ಯಾರದು?

ಮಠದ ಶಾಲೆಯ ಸ್ಮರಣ ಸಂಚಿಕೆ ತಯಾರಾಗುತ್ತಿತ್ತು. ಸ್ವಾಮೀಜಿಯವರ ಆಶೀರ್ವಚನ ಎಲ್ಲಕ್ಕಿಂತ ಮೊದಲು ಬರುವುದು ವಾಡಿಕೆ. ಆದರೆ ಶಾಲೆಯ ಅಧ್ಯಕ್ಷ ಪುಟ್ಟಮಾದಪ್ಪನವರು ಟೈಪಿಸ್ಟ್ ಚೆನ್ನಾಜಮ್ಮನ ಮೇಜು ಗುದ್ದಿದರು. “ಒಂದನೇ ಪುಟದಲ್ಲಿ ನನ್ನ ಸಂದೇಶವೇ ಇರಬೇಕು. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ!”

ಅತ್ತ ದರಿ, ಇತ್ತ ಪುಲಿ. ಚೆನ್ನಾಜಮ್ಮ ಕಂಪ್ಯೂಟರಿನಲ್ಲಿ ಆಶೀರ್ವಚನವನ್ನು ಮೊದಲೇ ಇಟ್ಟಳು, ಅದರ ಪುಟಸಂಖ್ಯೆಯನ್ನು ಮಾತ್ರ ಅಳಿಸಿದಳು. ಎಣಿಕೆ ಅಧ್ಯಕ್ಷರ ಸಂದೇಶದಿಂದ ಶುರುವಾಯಿತು. ತಮ್ಮ ಪುಟದ ಕೆಳಗೆ ‘೧’ ಕಂಡು ಅಧ್ಯಕ್ಷರು ಮೀಸೆ ತಿರುವಿದರು.

ಇಬ್ಬರೂ ಕರಡನ್ನು ಮಠಕ್ಕೆ ಒಯ್ದರು. ಸ್ವಾಮೀಜಿ ಹಾಳೆ ತಿರುವಿ ಕೇಳಿದರು: “ನಮ್ಮ ಪುಟಕ್ಕೆ ನಂಬರೇ ಇಲ್ಲವಲ್ಲ ತಾಯಿ?”

ಚೆನ್ನಾಜಮ್ಮ ಕೈಮುಗಿದಳು. “ಗರ್ಭಗುಡಿಗೆ ಯಾರಾದರೂ ಮನೆ ನಂಬರ್ ಹಾಕ್ತಾರಾ ಬುದ್ಧಿ?”

ಸ್ವಾಮೀಜಿ ಹೊಟ್ಟೆ ತುಂಬ ನಕ್ಕರು. ಅಧ್ಯಕ್ಷರು ಅವಳ ಕಿವಿಯ ಹತ್ತಿರ ಬಗ್ಗಿದರು: “ಚೆನ್ನಾಜಮ್ಮ, ನನ್ನ ನಂಬರೂ ಅಳಿಸೋಕಾಗುತ್ತಾ?”