ಬುತ್ತಿ ಚೀಲದಲ್ಲಿದ್ದ ಕಾಗದ

"ಗುರುಗಳೇ, ನಿಮ್ಮ ಕೈಯಿಂದ ನನಗೊಂದು ಪರಿಚಯದ ಕಾಗದ ಬರೆದುಕೊಡುತ್ತೀರಾ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಗುರುಶಾಂತ. ಮರುದಿನ ಪರ ಊರಿಗೆ ಹೊರಟಿದ್ದ. ಅಲ್ಲಿ ಒಂದು ತಿಂಗಳು ಪ್ರವಚನ ಹೇಳಬೇಕಿತ್ತು. ಅದು ಅವನ ಮೊದಲ ಪ್ರವಚನ. ಜನ ನಡುವೆಯೇ ಎದ್ದುಹೋದರೆ ಏನು ಗತಿ ಎಂಬ ಹೆದರಿಕೆಯಿಂದ ಮೂರು ದಿನ ಅನ್ನ ಸೇರಿರಲಿಲ್ಲ. ಗುರುಗಳ ಹೆಸರು ಆ ಸೀಮೆಯಲ್ಲೆಲ್ಲ ದೊಡ್ಡದು. ಅವರ ಕಾಗದವನ್ನು ಮೊದಲ ದಿನವೇ ಸಭೆಯಲ್ಲಿ ಓದಿಸಿಬಿಟ್ಟರೆ ತಾನು ಗೆದ್ದಂತೆ ಎಂದುಕೊಂಡಿದ್ದ.

ಗುರುಗಳು ನಕ್ಕರು. "ಕಾಗದ ತಾನೆ? ಬರೆದರಾಯಿತು. ಅದಕ್ಕೆ ಮೊದಲು ಒಬ್ಬ ಹೆಣ್ಣುಮಗಳು ಕಾರು ಕೊಂಡ ಕತೆ ಕೇಳು" ಎಂದು ಶುರುಮಾಡಿದರು.

ಆ ಹೆಣ್ಣುಮಗಳು ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಕಾರಿನ ಬಾಗಿಲ ಸುತ್ತ ಹಾಕುವ ರಬ್ಬರ್ ಪಟ್ಟಿ ಅಲ್ಲಿ ತಯಾರಾಗುತ್ತಿತ್ತು. ಪಟ್ಟಿಯೆಲ್ಲ ಒಂದು ದೊಡ್ಡ ಕಾರು ಕಂಪನಿಗೆ ಹೋಗುತ್ತಿತ್ತು. ಹನ್ನೊಂದು ವರ್ಷ ಅವಳು ಪಟ್ಟಿ ಕತ್ತರಿಸಿದಳು, ಜೋಡಿಸಿದಳು, ಎಳೆದು ನೋಡಿದಳು. ಆ ಕಾರಿನೊಳಗೆ ಒಮ್ಮೆಯೂ ಕೂತಿರಲಿಲ್ಲ.

ಅವಳ ತಂದೆ ಡ್ರೈವರ್. ಮೂವತ್ತು ವರ್ಷ ಬೇರೆಯವರ ಕಾರು ಓಡಿಸಿದವನು. ಧಣಿಗಳು ಬಂದಾಗಲೆಲ್ಲ ಓಡಿಹೋಗಿ ಹಿಂದಿನ ಬಾಗಿಲು ತೆರೆದವನು. ಆ ಸೀಟಿನಲ್ಲಿ ಅವನು ಎಂದೂ ಕೂತವನಲ್ಲ. ಬರುವ ತಿಂಗಳ ಕೊನೆಯ ದಿನ ಅವನ ಕೆಲಸ ಮುಗಿಯುತ್ತಿತ್ತು. ಆ ದಿನ ಅಪ್ಪನನ್ನು ಸ್ವಂತ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಮನೆಗೆ ಕರೆತರಬೇಕು ಎಂಬುದೊಂದೇ ಅವಳ ಆಸೆ. ಅದಕ್ಕಾಗಿ ಡ್ರೈವಿಂಗ್ ಕಲಿತಿದ್ದಳು, ಹಣ ಕೂಡಿಟ್ಟಿದ್ದಳು. ಸಾಲದ ಕಾರನ್ನು ಅಪ್ಪ ಹತ್ತುವವನಲ್ಲ.

ಕಾರು ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ತನಗೆ ಸಾಮಾನು ಒದಗಿಸುವ ಕಾರ್ಖಾನೆಗಳ ಕೆಲಸಗಾರರಿಗೆ ರಿಯಾಯಿತಿಯ ಕಾಗದ ಕೊಡುತ್ತಿತ್ತು. ಅದು ಯಾವ ಶೋರೂಮಿನಲ್ಲಾದರೂ ನಡೆಯುತ್ತಿತ್ತು. ಆದರೆ ಒಬ್ಬರಿಗೆ ಒಂದೇ ಸಲ, ಅದೂ ತಿಂಗಳೊಳಗೆ ಬಳಸಬೇಕು. ಅವಳು ಆ ಕಾಗದ ಪಡೆದಳು.

ಮೊದಲ ಶೋರೂಮಿಗೆ ಹೋದವಳೇ ಕುರ್ಚಿಯಲ್ಲಿ ಕೂರುವ ಮುಂಚೆ ಕಾಗದವನ್ನು ಮೇಜಿನ ಮೇಲಿಟ್ಟಳು. ಅಲ್ಲಿಯವನು ಕಾಗದ ಓದಿದ, ಅವಳ ಮುಖ ನೋಡಲಿಲ್ಲ. "ಇದರಾಗ ಬರೆದಷ್ಟ ಕಡಿಮಿ ಆಗ್ತದ್ರಿ. ಅದರ ಮ್ಯಾಲೆ ಒಂದ್ ರೂಪಾಯಿ ಇಲ್ಲ" ಎಂದ. ವಿಮೆ, ಸೀಟಿನ ಕವರು, ಅದೂ ಇದೂ ಎಂದು ಸೇರಿಸಿದ. ಅವಳ ಗಂಟು ಸಾಲಲಿಲ್ಲ. ಅವಳು ಚೌಕಾಶಿ ಮಾಡಲಿಲ್ಲ. ಕಾರಿನ ಬಾಗಿಲನ್ನೂ ಮುಟ್ಟಿ ನೋಡಲಿಲ್ಲ. ಕೈಯಲ್ಲಿ ಕಾಗದ ಇತ್ತಲ್ಲ, ಕಣ್ಣಿಗೂ ಬಾಯಿಗೂ ರಜೆ ಕೊಟ್ಟುಬಿಟ್ಟಿದ್ದಳು!

ಕಾಗದ ವಾಪಸು ತೆಗೆದುಕೊಂಡು ಮನೆಗೆ ಬಂದು ಅತ್ತಳು. ಆಮೇಲೆ ಸಿಟ್ಟು ಬಂತು. ಸಂತೆಯಲ್ಲಿ ಬದನೆಕಾಯಿಯನ್ನೂ ತಿರುಗಿಸಿ ನೋಡಿ ಕೊಳ್ಳುವವಳು ನಾನು, ಕಾರು ಕೊಳ್ಳಲು ಹೋಗಿ ಬಾಯಿ ಹೊಲಿದುಕೊಂಡು ಕೂತೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು.

ಮುಂದಿನ ವಾರ ಇನ್ನೊಂದು ಊರಿನ ಶೋರೂಮಿಗೆ ಹೋದಳು. ಕಾಗದ ಬುತ್ತಿ ಚೀಲದಲ್ಲಿ, ಡಬ್ಬಿಯ ಕೆಳಗಿತ್ತು. ಅಲ್ಲಿಯ ಹುಡುಗ ಕಾರಿನ ಬಾಗಿಲು ತೆರೆದು ಹಾಕಿ ತೋರಿಸಿದ. "ಈ ಸಪ್ಪಳ ಕೇಳ್ರಿ ಅಕ್ಕಾರ. ಧಪ್ ಅಂತ ಹೆಂಗ ಕೂಡ್ತದ ನೋಡ್ರಿ. ಒಂದು ಹನಿ ನೀರು ಒಳಗ ಬರಂಗಿಲ್ಲ. ಇಂಥಾ ಬಾಗಲಾ ಯಾವ ಗಾಡಿಗೂ ಇಲ್ಲ!"

ತನ್ನ ಕೈಕೆಲಸವನ್ನು ಇನ್ನೊಬ್ಬರು ಹೊಗಳುವುದನ್ನು ಅವಳು ಮೊದಲ ಸಲ ಕೇಳಿದ್ದಳು. ಹಿಗ್ಗಿನಿಂದ ಎದೆ ತುಂಬಿತು. ಆದರೂ ಬಾಯಿ ಬಿಡಲಿಲ್ಲ. ಬಗ್ಗಿ ರಬ್ಬರ್ ಪಟ್ಟಿಯ ಅಂಚನ್ನು ಬೆರಳಿನಿಂದ ಸರಿಸಿದಳು. ಪಟ್ಟಿಯ ಒಳಮೈಯಲ್ಲಿ ಸಾಸಿವೆಯಷ್ಟು ಸಣ್ಣ ಚುಕ್ಕೆಗಳಿರುತ್ತವೆ. ಯಾವ ವರ್ಷ, ಯಾವ ತಿಂಗಳು ಮಾಡಿದ್ದೆಂದು ತಿಳಿಯಲು ಕಾರ್ಖಾನೆಯವರು ಇಟ್ಟ ಗುರುತು ಅದು. ಅವಳು ಎಣಿಸಿದಳು.

"ಈ ಗಾಡಿ ಹೋದ ವರ್ಷದ್ದು. ಹತ್ತು ತಿಂಗಳಿಂದ ನಿಂತದ. ಹೌದಲ್ರಿ?"

ಹುಡುಗ ಬೆಪ್ಪಾದ. "ನಿಮಗ ಯಾರು ಹೇಳಿದ್ರು?"

"ನೀವ ಹೊಗಳಿದ ಬಾಗಲಾ ಹೇಳ್ತು."

ಕಾರಿಗೆ ಏನೂ ಆಗಿರಲಿಲ್ಲ. ಆದರೆ ಹೋದ ವರ್ಷದ ಗಾಡಿಗೆ ಈ ವರ್ಷದ ಬೆಲೆ ಕೊಡುವವರು ಯಾರು? ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಅವಳು ದನಿ ಏರಿಸಲಿಲ್ಲ, ಜಾಗ ಬಿಟ್ಟು ಕದಲಲೂ ಇಲ್ಲ. ಮ್ಯಾನೇಜರು ಬಂದ. ಬೆಲೆ ಇಳಿಯಿತು. ಸೀಟಿನ ಕವರು ಪುಕ್ಕಟೆಯಾಯಿತು. ಕೊನೆಯ ಬೆಲೆ ಬರೆದು ಅವನು ಸಹಿ ಹಾಕಿದ. ಆಗ ಅವಳು ಬುತ್ತಿ ಚೀಲಕ್ಕೆ ಕೈಹಾಕಿ ಕಾಗದ ತೆಗೆದು ಮುಂದಿಟ್ಟಳು.

ಮ್ಯಾನೇಜರು ಎರಡು ಸಲ ಓದಿದ. "ಇದನ್ನ ಮೊದಲ ತೋರಸಬಾರದೇನ್ರಿ ಅಕ್ಕಾರ?"

"ಮೊದಲ ತೋರಿಸಿದ್ರ ನೀವು ಕಾಗದದ ಜೋಡಿ ಮಾತಾಡ್ತಿದ್ರಿ, ನನ್ನ ಜೋಡಿ ಅಲ್ಲ. ಇದು ಕಂಪನಿ ಬಿಡೋದು. ನೀವು ಬಿಟ್ಟಿದ್ದು ನಿಮ್ಮದು. ಎರಡೂ ಬ್ಯಾರೆ."

ಮ್ಯಾನೇಜರು ಕೆಟ್ಟವನಲ್ಲ. ಜೋರಾಗಿ ನಕ್ಕು ಕೈಮುಗಿದ. ಎರಡೂ ರಿಯಾಯಿತಿ ಸಿಕ್ಕಿ, ಕಾರ್ಖಾನೆಗೆಲ್ಲ ಪೇಡೆ ಹಂಚುವಷ್ಟು ಹಣ ಅವಳ ಕೈಯಲ್ಲಿ ಉಳಿಯಿತು.

ಅಪ್ಪನ ಕೆಲಸದ ಕೊನೆಯ ದಿನ ಅವಳು ಧಣಿಯ ಗೇಟಿನ ಮುಂದೆ ಕಾರು ನಿಲ್ಲಿಸಿದಳು. ಕಾರು ಕಂಡೊಡನೆ ಅಪ್ಪ ರೂಢಿಯಂತೆ ಹಿಂದಿನ ಬಾಗಿಲು ತೆರೆಯಲು ಓಡಿಬಂದ. ಅವನಿಗಿಂತ ಮೊದಲು ಅವಳೇ ಇಳಿದು ತೆರೆದಳು. "ಅಪ್ಪಾ, ನೀ ಹಿಂದ ಕೂಡು. ಇವತ್ತ ಡ್ರೈವರ್ ನಾನು." ಅವನು ಕೂತ. ಬಾಗಿಲು ಧಪ್ ಎಂದು ಮುಚ್ಚಿತು. ಮೂವತ್ತು ವರ್ಷ ಹೊರಗೆ ನಿಂತು ಕೇಳಿದ ಸದ್ದನ್ನು ಅಪ್ಪ ಅಂದು ಒಳಗೆ ಕೂತು ಕೇಳಿದ. ಮನೆ ಬರುವವರೆಗೂ ಮೀಸೆಯಿಂದ ಕೈ ತೆಗೆಯಲಿಲ್ಲ.

ಕತೆ ಮುಗಿಸಿ ಗುರುಗಳು ಪೆನ್ನು ತೆಗೆದುಕೊಂಡರು. ನಾಲ್ಕು ಸಾಲು ಬರೆದರು, ಸಹಿ ಹಾಕಿದರು. ಗುರುಶಾಂತ ಎರಡೂ ಕೈ ಚಾಚಿದ. ಗುರುಗಳು ಕಾಗದವನ್ನು ಮಡಚಿ ತಮ್ಮ ದಿಂಬಿನ ಕೆಳಗಿಟ್ಟುಕೊಂಡರು. ಶಿಷ್ಯನ ಕೈ ಚಾಚಿದಂತೆಯೇ ಉಳಿಯಿತು.

"ಪ್ರವಚನ ಮುಗಿದ ಮರುದಿನ ಬಂದು ತೆಗೆದುಕೊಂಡು ಹೋಗು" ಎಂದರು ಗುರುಗಳು.